ಅಪ್ಪನಿಗೆ, ಸರಾಸರಿಗಳ ಬಗ್ಗೆ

ಬಾನ್, ಜರ್ಮನಿ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಈಗ ಹೇಗಿದೆ ಎಂದು ತಪ್ಪದೆ ಬರೆಯಿರಿ.

ಮೊನ್ನೆ ಫೋನಿನಲ್ಲಿ "ಅಲ್ಲಿ ಕುಳಿತು ನೀನು ಸಾಧಿಸುವ ಪ್ರಮೇಯವಾದರೂ ಏನಮ್ಮಾ?" ಎಂದು ಕೇಳಿದಿರಿ. ಕಾಗದ ಪೆನ್ಸಿಲ್ ಇಲ್ಲದೆ ಹೇಳುವಂಥದ್ದಲ್ಲ, ಅದಕ್ಕೇ ಈ ಪತ್ರ.

ಬಸವನಗುಡಿಯ ಕ್ಲಬ್ ಪಂದ್ಯಗಳಿಗೆ ವರ್ಷಗಟ್ಟಲೆ ಸ್ಕೋರ್ ಬರೆದವರು ನೀವು. ರಾಮಾನುಜನ್ ಅವರನ್ನು ಕೇಂಬ್ರಿಡ್ಜ್‌ಗೆ ಕರೆಸಿಕೊಂಡ ಅದೇ ಹಾರ್ಡಿ, ಲಿಟಲ್‌ವುಡ್ ಜೊತೆಗೂಡಿ 1930ರಲ್ಲಿ ಈ ವಿಷಯವನ್ನು ವಿವರಿಸಿದ್ದೇ ಕ್ರಿಕೆಟ್ಟಿನ ಮೂಲಕ. ಬ್ಯಾಟ್ಸ್‌ಮನ್ ಒಬ್ಬ ಪ್ರತಿ ಇನಿಂಗ್ಸ್ ಮುಗಿದಾಗಲೂ ಹಿಂದಿರುಗಿ ನೋಡುತ್ತಾನೆ: ಕಳೆದ ಒಂದರ ಸರಾಸರಿ, ಎರಡರದ್ದು, ಮೂರರದ್ದು. ಅವುಗಳಲ್ಲಿ ಅತಿ ಹೆಚ್ಚಿನದನ್ನು ಆ ಹೊತ್ತಿನ ತನ್ನ ಸಂತೋಷದ ಅಳತೆಯೆಂದು ಬರೆದಿಟ್ಟುಕೊಳ್ಳುತ್ತಾನೆ. ರನ್ನುಗಳ ಪಟ್ಟಿಯಿಂದ ಹೀಗೆ ಹೊಸ ಪಟ್ಟಿಯೊಂದನ್ನು ಮಾಡುವುದೇ ಮ್ಯಾಕ್ಸಿಮಲ್ ಆಪರೇಟರ್. ಅವೇ ರನ್ನುಗಳು ಇಳಿಕೆಯ ಕ್ರಮದಲ್ಲಿ ಬಂದರೆ ಅವನ ಒಟ್ಟು ಸಂತೋಷ ಅತ್ಯಧಿಕ ಎಂದೂ ಅವರು ಸಾಧಿಸಿದರು.

ಈಗ ಪಟ್ಟಿಯ ಬದಲು ಸಂಖ್ಯಾರೇಖೆಯ ಮೇಲೊಂದು ಫಲನ, ಅಂದರೆ ಪ್ರತಿ ಬಿಂದುವಿಗೂ ಒಂದೊಂದು ಬೆಲೆ. ಪ್ರತಿ ಬಿಂದುವನ್ನೂ ನಡುವಿಟ್ಟು ಚಿಕ್ಕ ದೊಡ್ಡ ತುಂಡುಗಳಲ್ಲೆಲ್ಲ ಸರಾಸರಿ ನೋಡಿ, ಅತಿ ಹೆಚ್ಚಿನದನ್ನು ಅಲ್ಲಿ ಬರೆಯಿರಿ. ಮೂಲ ಫಲನದ ಒಟ್ಟು ಕ್ಷೇತ್ರಫಲ ಮಿತಿಯಲ್ಲಿದ್ದರೆ ಹೊಸದರದ್ದೂ ಮಿತಿಯಲ್ಲಿರುತ್ತದೆಯೇ? ನಮ್ಮ ಪ್ರಶ್ನೆ ಇಷ್ಟೇ.

0ಯಿಂದ 1ರವರೆಗೆ ಫಲನದ ಬೆಲೆ 1, ಉಳಿದೆಡೆ 0 ಎನ್ನಿ. ಒಟ್ಟು ಕ್ಷೇತ್ರಫಲ 1. ಬಿಂದು 5ರಲ್ಲಿ ನಿಂತರೆ ಅತ್ಯುತ್ತಮ ತುಂಡು 0ಯಿಂದ 10, ಸರಾಸರಿ 1/10. ಬಿಂದು 50ರಲ್ಲಿ 1/100. ದೂರ ಹೋದಂತೆ ಬೆಲೆ ಇಳಿಯುತ್ತದೆ, ಆದರೆ ಬಹಳ ನಿಧಾನವಾಗಿ. 1/2, 1/4, 1/6, 1/8 ಕೂಡುತ್ತಾ ಹೋದರೆ ಮೊತ್ತಕ್ಕೆ ಕೊನೆಯೇ ಇಲ್ಲವಲ್ಲ, ಹಾಗೆಯೇ ಹೊಸ ಫಲನದ ಕ್ಷೇತ್ರಫಲ ಅನಂತವಾಗುತ್ತದೆ! ಬೆಲೆಗಳನ್ನು ವರ್ಗ ಮಾಡಿ ಕೂಡಿದರೆ ಮೊತ್ತ ನಿಲ್ಲುತ್ತದೆ. ವರ್ಗವೇ ಬೇಕೆಂದಿಲ್ಲ, ಘಾತ 1ಕ್ಕಿಂತ ತುಸು ಹೆಚ್ಚಿದ್ದರೂ ಸಾಕು.

ಘಾತ 1ರಲ್ಲಿಯೂ ಎಲ್ಲವೂ ಕೈತಪ್ಪುವುದಿಲ್ಲ. ಬೆಲೆ 1/10ಕ್ಕಿಂತ ಹೆಚ್ಚಿರುವುದು −4ರಿಂದ 5ರವರೆಗೆ, ಉದ್ದ 9. 1/100ಕ್ಕಿಂತ ಹೆಚ್ಚಿರುವ ಭಾಗದ ಉದ್ದ 99. ಕ್ಷೇತ್ರಫಲ 1ನ್ನು ಆ ಬೆಲೆಗಳಿಂದ ಭಾಗಿಸಿದರೆ ಬರುವ 10 ಮತ್ತು 100ನ್ನು ಈ ಉದ್ದಗಳು ದಾಟಿಲ್ಲ. ಇಂಥ ದುರ್ಬಲ ಮಿತಿ ಯಾವ ಫಲನಕ್ಕಾದರೂ ಸಿಗುತ್ತದೆ, ಒಂದು ಸ್ಥಿರಾಂಕದಿಂದ ಗುಣಿಸಬೇಕು ಅಷ್ಟೇ. ರೇಖೆಯ ಮೇಲೆ ಆ ಸ್ಥಿರಾಂಕದ ನಿಖರ ಬೆಲೆ (11+√61)/12, ಸುಮಾರು 1.57 ಎಂದು ಮೆಲಾಸ್ 2003ರಲ್ಲಿ ತೋರಿಸಿದರು. ಬಿಂದುವಿನ ಸುತ್ತಲಿನ ತುಂಡು ಕುಗ್ಗಿದಂತೆ ಸರಾಸರಿಯು ಬಹುತೇಕ ಎಲ್ಲ ಕಡೆ ಫಲನದ ಬೆಲೆಗೇ ಬಂದು ಸೇರುತ್ತದೆಂಬ ಲೆಬೆಗ್ ಪ್ರಮೇಯ ಈ ಮಿತಿಯಿಂದಲೇ ಹೊರಡುತ್ತದೆ. ಉಪಯೋಗವೇನೆಂದು ಯಾರಾದರೂ ಕೇಳಿದರೆ ಅದನ್ನು ಹೇಳಿ.

ನನ್ನ ನಿದ್ದೆ ಕೆಡಿಸಿರುವುದು ಆಯಾಮ. ರೇಖೆಯ ಬದಲು ಬಹು ಆಯಾಮಗಳು, ತುಂಡುಗಳ ಬದಲು ಘನಗೋಳಗಳು. ಹಳೆಯ ಸಾಧನೆಯಲ್ಲಿ ಒಂದೊಂದು ಆಯಾಮ ಸೇರಿದಾಗಲೂ ಸ್ಥಿರಾಂಕ ಮೂರು ಪಟ್ಟು ಏರುತ್ತಿತ್ತು. 1983ರಲ್ಲಿ ಸ್ಟೈನ್ ಮತ್ತು ಸ್ಟ್ರಾಂಬರ್ಗ್ ಅದನ್ನು ಆಯಾಮದ ಅನುಪಾತಕ್ಕೆ ಇಳಿಸಿದರು. ಆಯಾಮ ಎಷ್ಟೇ ಇದ್ದರೂ ಒಂದೇ ಸ್ಥಿರಾಂಕ ಸಾಕೇ? ಗೋಳಗಳ ಬದಲು ಕ್ಯೂಬುಗಳನ್ನು ತೆಗೆದುಕೊಂಡರೆ ಸಾಲದು ಎಂದು 2011ರಲ್ಲಿ ಆಲ್ಡಾಜ್ ಸಾಧಿಸಿದರು. ಗೋಳಗಳಿಗೆ ಇನ್ನೂ ಉತ್ತರವಿಲ್ಲ. ಇಷ್ಟು ಸರಳವಾದ ಪ್ರಶ್ನೆ ಇಷ್ಟು ಕಾಲ ಬಿಡದೆ ಕಾಡುವುದೇ ನನಗೆ ಈ ಗಣಿತದ ದೊಡ್ಡ ಸೆಳೆತ.

ಗೋಳದ ಒಳಭಾಗ ಬಿಟ್ಟು ಬರಿಯ ಮೇಲ್ಮೈಯ ಸರಾಸರಿ ತೆಗೆದುಕೊಳ್ಳುವುದು ಬೇರೆಯೇ ಕಥೆ. ಮೂರು ಮತ್ತು ಹೆಚ್ಚಿನ ಆಯಾಮಗಳಲ್ಲಿ ಸ್ಟೈನ್ 1976ರಲ್ಲಿ, ಸಮತಲದ ವೃತ್ತಗಳಿಗೆ ಬೋರ್ಗೇನ್ 1986ರಲ್ಲಿ ಅದನ್ನು ಬಗೆಹರಿಸಿದರು. ನೀವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ನಮ್ಮ ಐಐಎಸ್‌ಸಿಯಲ್ಲಿ ಪಾಠ ಹೇಳಿದ ತಂಗವೇಲು ಮತ್ತು ನಾರಾಯಣನ್, ಹೈಸೆನ್‌ಬರ್ಗ್ ಗುಂಪೆಂಬ, ಬಿಂದುಗಳನ್ನು ಸೇರಿಸುವ ಕ್ರಮ ಬದಲಾದರೆ ಉತ್ತರವೂ ಬದಲಾಗುವ ರಚನೆಯ ಮೇಲೆ ಅದರದೇ ರೂಪವೊಂದಕ್ಕೆ 2004ರಲ್ಲಿ ಅತ್ಯುತ್ತಮ ಫಲಿತಾಂಶ ಕೊಟ್ಟರು. ಇಲ್ಲಿ ಅದನ್ನು ಓದುವಾಗ ನನಗೆ ಹೆಮ್ಮೆಯಾಯಿತು.

ನಿಮಗೊಂದು ಲೆಕ್ಕ ಕೊಡುತ್ತೇನೆ. 0ಯಿಂದ 1ರವರೆಗೆ ಮಾತ್ರವಲ್ಲದೆ 10ರಿಂದ 11ರವರೆಗೂ ಬೆಲೆ 1 ಇರಲಿ. ಹೊಸ ಫಲನ 1/10ಕ್ಕಿಂತ ಹೆಚ್ಚಿರುವ ಭಾಗದ ಉದ್ದ ಎಷ್ಟು? 32 ದಾಟಲಾರದೆಂದು ಮೆಲಾಸ್ ಪ್ರಮೇಯವೇ ಹೇಳುತ್ತದೆ. ನಿಖರ ಉತ್ತರವನ್ನು ಮುಂದಿನ ಪತ್ರದಲ್ಲಿ ಬರೆದು ಕಳುಹಿಸಿ.

ಇತಿ ನಿಮ್ಮ ಪ್ರೀತಿಯ ಮಗಳು