ಕ್ರಾಲರ್ ಕಟ್ಟುವವರು ಮೋಟಾರಿನಿಂದ ಆರಂಭಿಸುವುದು ಬೇಡ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಹವ್ಯಾಸ ಪುಟದಲ್ಲಿ, ಬಂಡೆ ಹತ್ತುವ ರಿಮೋಟ್ ಕಂಟ್ರೋಲ್ ಟ್ರಕ್ಕನ್ನು, ಅಂದರೆ ಹವ್ಯಾಸಿಗಳು ರಾಕ್ ಕ್ರಾಲರ್ ಎಂದು ಕರೆಯುವ ಮಾದರಿ ವಾಹನವನ್ನು, ಬಿಡಿಭಾಗಗಳಿಂದ ಸ್ವತಃ ಕಟ್ಟಿಕೊಳ್ಳುವ ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಬಿಡಿಭಾಗಗಳ ವಿವರ, ಜೋಡಣೆಯ ಚಿತ್ರಗಳು ಬಹುಮಟ್ಟಿಗೆ ಸರಿಯಾಗಿವೆ. ಆದರೆ ಮೊದಲು ಬಲವಾದ ಮೋಟಾರನ್ನು ಆರಿಸಿಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿಕೊಳ್ಳಬೇಕೆಂಬ ಸಲಹೆಯನ್ನು ಒಪ್ಪಲಾಗದು. ಓಟದ ಕಾರಿಗೆ ಆ ಕ್ರಮ ಸಲ್ಲಬಹುದು. ಕ್ರಾಲರನ್ನು ಮಾತ್ರ ನೆಲದಿಂದ ಮೇಲಕ್ಕೆ ಕಟ್ಟುತ್ತ ಹೋಗಬೇಕು. ಮೊದಲು ಟೈರು, ಆಮೇಲೆ ತೂಕದ ಹಂಚಿಕೆ, ಆಕ್ಸಲ್ಲು, ಗೇರು, ಕಟ್ಟಕಡೆಗೆ ಮೋಟಾರು.

ಕ್ರಾಲರಿಗೆ ಎಷ್ಟು ವೇಗ ಬೇಕು ಎಂಬುದನ್ನು ಲೆಕ್ಕ ಹಾಕಿದರೆ ಮೋಟಾರಿನ ಪ್ರಶ್ನೆ ಎಷ್ಟು ಚಿಕ್ಕದೆಂಬುದು ತಿಳಿಯುತ್ತದೆ. ಹತ್ತನೇ ಒಂದು ಅಳತೆಯ ಟ್ರಕ್ಕಿನ ಟೈರಿನ ವ್ಯಾಸ ಸುಮಾರು 120 ಮಿಲಿಮೀಟರ್ ಇದ್ದರೆ, ಒಂದು ಸುತ್ತಿಗೆ ಅದು 38 ಸೆಂಟಿಮೀಟರಿನಷ್ಟು ದೂರ ಉರುಳುತ್ತದೆ. ಮೋಟಾರು ನಿಮಿಷಕ್ಕೆ 10,000 ಸುತ್ತು ತಿರುಗುತ್ತದೆ, ಗೇರುಗಳೆಲ್ಲ ಸೇರಿ ಅದನ್ನು 40ರಲ್ಲಿ ಒಂದು ಪಾಲಿಗೆ ಇಳಿಸುತ್ತವೆ ಎಂದಿಟ್ಟುಕೊಂಡರೆ ಚಕ್ರ ನಿಮಿಷಕ್ಕೆ 250 ಸುತ್ತು ತಿರುಗುತ್ತದೆ, ಟ್ರಕ್ಕು ಗಂಟೆಗೆ ಐದೂವರೆ ಕಿಲೋಮೀಟರಿನ ಆಸುಪಾಸಿನಲ್ಲಿ ಚಲಿಸುತ್ತದೆ. ಅದು ಮನುಷ್ಯನ ನಡಿಗೆಯ ವೇಗ. ಅದೂ ಸಮತಟ್ಟಾದ ನೆಲದಲ್ಲಿ ಪೂರ್ತಿ ಥ್ರಾಟಲ್ ಒತ್ತಿದಾಗಿನ ಮಾತು. ಬಂಡೆಯ ಮೇಲೆ ಅದರ ಹತ್ತನೇ ಒಂದು ಭಾಗವೂ ಬೇಕಾಗುವುದಿಲ್ಲ. ಆದ್ದರಿಂದಲೇ ಈ ಹವ್ಯಾಸದಲ್ಲಿ ಹೆಚ್ಚು ಟರ್ನಿನ, ಅಂದರೆ ಸುರುಳಿಯಲ್ಲಿ ಹೆಚ್ಚು ಸುತ್ತುಗಳಿರುವ, 35 ಅಥವಾ 55 ಟರ್ನಿನ ಸಾಧಾರಣ ಬ್ರಷ್ ಮೋಟಾರುಗಳಿಗೆ ಇಂದಿಗೂ ಬೇಡಿಕೆಯಿದೆ. ಟರ್ನ್ ಹೆಚ್ಚಾದಂತೆ ವೇಗ ತಗ್ಗುತ್ತದೆ, ನಿಧಾನಗತಿಯ ಮೇಲಿನ ಹಿಡಿತ ಸುಧಾರಿಸುತ್ತದೆ. ಸೆನ್ಸರ್ ಇರುವ ಬ್ರಷ್‌ಲೆಸ್ ಮೋಟಾರು ಈ ಕೆಲಸವನ್ನು ಇನ್ನೂ ನಯವಾಗಿ ಮಾಡುತ್ತದೆ ಎಂಬುದು ನಿಜವೇ. ಆದರೂ ಟೈರು ಜಾರುವ ಟ್ರಕ್ಕಿನಲ್ಲಿ ಅದನ್ನು ಕೂರಿಸಿದರೆ ಟ್ರಕ್ಕು ನಯವಾಗಿ ಜಾರುತ್ತದೆ, ಅಷ್ಟೆ.

ಲೇಖನದಲ್ಲಿ ಒಂದೇ ವಾಕ್ಯದಲ್ಲಿ ಮುಗಿದುಹೋದ ತೂಕದ ವಿಚಾರಕ್ಕೆ ನನ್ನ ದೃಷ್ಟಿಯಲ್ಲಿ ಅರ್ಧ ಪುಟ ಸಲ್ಲಬೇಕಿತ್ತು. ಬಂಡೆಯ ಮೇಲೆ ಕ್ರಾಲರ್ ಸೋಲುವುದು ಹೆಚ್ಚಾಗಿ ಎರಡು ರೀತಿಯಲ್ಲಿ: ಚಕ್ರ ಜಾರಿ ನಿಲ್ಲುವುದು, ಇಲ್ಲವೇ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುವುದು. ಎರಡನೆಯದನ್ನು ನಿರ್ಧರಿಸುವುದು ಗುರುತ್ವ ಕೇಂದ್ರ ಎಲ್ಲಿದೆ ಎಂಬ ಒಂದೇ ಸಂಗತಿ. ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವಿನ ಅಂತರ 313 ಮಿಲಿಮೀಟರ್, ಗುರುತ್ವ ಕೇಂದ್ರದ ಎತ್ತರ 110 ಮಿಲಿಮೀಟರ್, ತೂಕ ಎರಡೂ ಆಕ್ಸಲ್ಲುಗಳ ಮೇಲೆ ಸಮನಾಗಿ ಹಂಚಿದೆ ಎಂದುಕೊಳ್ಳೋಣ. ಅಂಥ ಟ್ರಕ್ಕು ಸುಮಾರು 55 ಡಿಗ್ರಿಯ ಏರಿನಲ್ಲಿ ಹಿಂದಕ್ಕೆ ಬೀಳುತ್ತದೆ. ತೂಕದ ಶೇಕಡ 60 ಭಾಗ ಮುಂದಿನ ಆಕ್ಸಲ್ಲಿನ ಮೇಲೆ ಬರುವಂತೆ ಮಾಡಿದರೆ ಆ ಮಿತಿ ಹತ್ತಿರ ಹತ್ತಿರ 60 ಡಿಗ್ರಿಗೆ ಏರುತ್ತದೆ. ಅದರ ಜೊತೆಗೆ ಗುರುತ್ವ ಕೇಂದ್ರವನ್ನು 90 ಮಿಲಿಮೀಟರಿಗೆ ಇಳಿಸಿದರೆ 64 ಡಿಗ್ರಿ ದಾಟುತ್ತದೆ. ಏರಿನಲ್ಲಿ ಹಿಂದಿನ ಸ್ಪ್ರಿಂಗುಗಳು ಕುಗ್ಗುವುದರಿಂದ ನಿಜವಾದ ಕೋನ ಇದಕ್ಕಿಂತ ಕಡಿಮೆಯೇ ಇರುತ್ತದೆ. ಆದರೆ ಗಳಿಕೆಯ ದಿಕ್ಕು ಸ್ಪಷ್ಟ. ಹೀಗೆ ಗಳಿಸಿದ ಒಂಬತ್ತು ಡಿಗ್ರಿಯನ್ನು ಯಾವ ಮೋಟಾರೂ ತಂದುಕೊಡಲಾರದು.

ಇದಕ್ಕಾಗಿ ಹವ್ಯಾಸಿಗಳು ಮುಂದಿನ ಚಕ್ರಗಳ ಸ್ಟಿಯರಿಂಗ್ ನಕಲ್‌ಗಳಿಗೆ, ಅಂದರೆ ಚಕ್ರವನ್ನು ಹಿಡಿದು ತಿರುಗಿಸುವ ಕೀಲುಗಳಿಗೆ, ಮತ್ತು ಆಕ್ಸಲ್ಲಿಗೆ ಹಿತ್ತಾಳೆಯ ತುಂಡುಗಳನ್ನು ತೊಡಿಸುತ್ತಾರೆ, ಬ್ಯಾಟರಿಯನ್ನು ಮುಂದಿನ ಆಕ್ಸಲ್ಲಿನ ಮೇಲ್ಭಾಗಕ್ಕೆ ತರುತ್ತಾರೆ. ಸೇರಿಸುವ ತೂಕ ಸ್ಪ್ರಿಂಗಿನ ಕೆಳಗಿರಬೇಕು ಎಂಬುದು ಇಲ್ಲಿನ ಸೂತ್ರ. ಕೆಳಗೆ ಇಷ್ಟೆಲ್ಲ ಹಿತ್ತಾಳೆ ಸೇರಿಸಿದ ಮೇಲೆ ಛಾವಣಿಯ ಮೇಲೆ ಕ್ಯಾರಿಯರ್, ಸ್ಟೆಪ್ನಿ, ಜೆರಿಕ್ಯಾನ್, ಪುಟ್ಟ ಪೆಟ್ಟಿಗೆಗಳನ್ನು ಹೇರುವವರನ್ನು ನೋಡಿದರೆ ನಗು ಬರುತ್ತದೆ. ನೋಟಕ್ಕೆ ಅವು ಚೆನ್ನಾಗಿಯೇ ಇರುತ್ತವೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಬಾಡಿಗಿಂತ ತೆಳುವಾದ ಪಾಲಿಕಾರ್ಬೊನೇಟ್ ಬಾಡಿ ಹಗುರ, ಆದ್ದರಿಂದ ಬಂಡೆಗೆ ಅದೇ ಲೇಸು. ತೂಕ ಎಷ್ಟು ಹಂಚಿಕೆಯಾಗಿದೆ ಎಂದು ತಿಳಿಯಲು ವಿಶೇಷ ಉಪಕರಣವೇನೂ ಬೇಡ. ಮುಂದಿನ ಎರಡು ಚಕ್ರಗಳನ್ನು ಸಣ್ಣ ತೂಕದ ಯಂತ್ರದ ಮೇಲೂ ಹಿಂದಿನವನ್ನು ಅಷ್ಟೇ ಎತ್ತರದ ಮರದ ತುಂಡಿನ ಮೇಲೂ ಇಟ್ಟು ಒಮ್ಮೆ, ಅದಲುಬದಲು ಮಾಡಿ ಇನ್ನೊಮ್ಮೆ ತೂಗಿದರೆ ಸಾಕು. ಟ್ರಕ್ಕನ್ನು ಹಲಗೆಯ ಮೇಲೆ ಅಡ್ಡಲಾಗಿ ನಿಲ್ಲಿಸಿ, ಹಲಗೆಯನ್ನು ನಿಧಾನವಾಗಿ ಓರೆ ಮಾಡುತ್ತ ಅದು ಮಗುಚುವ ಕೋನವನ್ನು ಗುರುತಿಸಿಕೊಂಡರೆ, ಮುಂದೆ ಮಾಡುವ ಪ್ರತಿಯೊಂದು ಬದಲಾವಣೆಯನ್ನೂ ಆ ಕೋನಕ್ಕೆ ಹೋಲಿಸಿ ನೋಡಬಹುದು.

ಟೈರಿನ ವಿಷಯದಲ್ಲಿ ಹೊಸಬರಿಗೆ ಗೊಂದಲ ಹೆಚ್ಚು. 1.9 ಇಂಚು, 2.2 ಇಂಚು ಎಂಬ ಅಳತೆಗಳು ರಿಮ್ಮಿಗೆ ಸಂಬಂಧಿಸಿದವೇ ಹೊರತು ಟೈರಿನ ಹೊರ ವ್ಯಾಸಕ್ಕಲ್ಲ. ಈ ಟೈರುಗಳಲ್ಲಿ ಗಾಳಿಯ ಒತ್ತಡ ಇರುವುದಿಲ್ಲ. ಒಳಗಿರುವ ಸ್ಪಂಜು ಅವುಗಳಿಗೆ ಆಕಾರ ಕೊಡುತ್ತದೆ, ರಿಮ್ಮಿನಲ್ಲೋ ಟೈರಿನಲ್ಲೋ ಇರುವ ಸಣ್ಣ ರಂಧ್ರ ಒಳಗಿನ ಗಾಳಿಯನ್ನು ಹೊರಬಿಡುತ್ತದೆ. ಆ ರಂಧ್ರ ಮುಚ್ಚಿಹೋದರೆ ಟೈರು ಚೆಂಡಿನಂತೆ ಪುಟಿಯುತ್ತದೆ, ಕಲ್ಲಿನ ಮೂಲೆಯನ್ನು ಅಪ್ಪಿಕೊಳ್ಳುವುದಿಲ್ಲ. ಹೊರಪದರ ಮೆತ್ತಗೂ ಒಳಪದರ ಗಟ್ಟಿಯಾಗಿಯೂ ಇರುವ ಎರಡು ಹಂತದ ಸ್ಪಂಜು ಒಳ್ಳೆಯದು: ನೇರ ಏರಿನಲ್ಲಿ ಟೈರು ಕಲ್ಲಿಗೆ ಹೊಂದಿಕೊಳ್ಳುತ್ತದೆ, ಓರೆಯಾಗಿ ಸಾಗುವಾಗ ಪೂರ್ತಿ ಮಡಚಿಕೊಂಡು ಟ್ರಕ್ಕನ್ನು ಕೆಡವುವುದಿಲ್ಲ. ರಬ್ಬರಿನ ಮೃದುತ್ವವೂ ಅಷ್ಟೇ ಮುಖ್ಯ. ಟೈರನ್ನು ಅಂಟಿನಿಂದ ಕೂರಿಸುವ ಬದಲು ಬಳೆ ಮತ್ತು ತಿರುಪುಗಳಿಂದ ಬಿಗಿಯುವ ಬೀಡ್‌ಲಾಕ್ ರಿಮ್ಮುಗಳನ್ನು ಬಳಸಿದರೆ ಸ್ಪಂಜನ್ನು ಬೇಕೆಂದಾಗ ಬದಲಿಸಿ ಪರೀಕ್ಷಿಸಬಹುದು. ಒಳ್ಳೆಯ ಕ್ರಾಲರ್ ರೂಪುಗೊಳ್ಳುವುದು ಇಂಥ ಪರೀಕ್ಷೆಗಳಿಂದಲೇ.

ಆಕ್ಸಲ್ಲುಗಳ ಮಹತ್ವವನ್ನು ಈ ಹವ್ಯಾಸದ ಇತಿಹಾಸವೂ ಹೇಳುತ್ತದೆ. ತಮಿಯಾ ಕಂಪನಿ 1987ರಲ್ಲಿ ಹೊರತಂದ ಕ್ಲಾಡ್ ಬಸ್ಟರ್ ಎಂಬ ದೊಡ್ಡ ಚಕ್ರಗಳ ಟ್ರಕ್ಕಿನಲ್ಲಿ ಪ್ರತಿ ಆಕ್ಸಲ್ಲಿಗೂ ಒಂದೊಂದು ಮೋಟಾರು, ನಾಲ್ಕೂ ಚಕ್ರಗಳಿಗೆ ಸ್ಟಿಯರಿಂಗ್ ಇತ್ತು. ಮೊದಮೊದಲು ಕ್ರಾಲರ್ ಕಟ್ಟಿದ ಅನೇಕರು ಅದರ ಆಕ್ಸಲ್ಲುಗಳನ್ನಷ್ಟೇ ಉಳಿಸಿಕೊಂಡು, ಚಾಸಿಯನ್ನು ಬಿಟ್ಟುಹಾಕಿ, ಸ್ವತಃ ಕತ್ತರಿಸಿದ ತಟ್ಟೆಗಳಿಗೆ ಉದ್ದನೆಯ ಲಿಂಕುಗಳಿಂದ ಅವನ್ನು ಜೋಡಿಸಿದರು. ಸಿದ್ಧ ಕಿಟ್ಟುಗಳು ಬಂದದ್ದು ಆಮೇಲೆ. 2017ರಲ್ಲಿ ಬಂದ ಟ್ರಾಕ್ಸಸ್ ಕಂಪನಿಯ ಟಿಆರ್‌ಎಕ್ಸ್-4 ಮಾದರಿಯಲ್ಲಿ ಪೋರ್ಟಲ್ ಆಕ್ಸಲ್ಲುಗಳಿವೆ. ಅವುಗಳಲ್ಲಿ ಚಕ್ರದ ಪಕ್ಕದಲ್ಲೇ ಒಂದು ಜೊತೆ ಗೇರುಗಳಿದ್ದು, ಆಕ್ಸಲ್ಲು ಚಕ್ರದ ನಡುಬಿಂದುವಿಗಿಂತ ಮೇಲಿರುತ್ತದೆ; ಹೊಟ್ಟೆಯ ಕೆಳಗೆ ಕಲ್ಲಿಗೆ ಹೆಚ್ಚು ಜಾಗ ಸಿಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಬೇರೆಯದಿದೆ. ವೇಗ ಇಳಿಸುವ ಕೆಲಸದ ಒಂದು ಪಾಲು ಚಕ್ರದ ಬಳಿಯೇ ನಡೆಯುವುದರಿಂದ ಡ್ರೈವ್ ಶಾಫ್ಟಿನ ಮೇಲಿನ ತಿರುಚು ಬಲ ಕಡಿಮೆಯಾಗಿ, ಥ್ರಾಟಲ್ ಒತ್ತಿದಾಗ ಚಾಸಿ ಒಂದು ಪಕ್ಕಕ್ಕೆ ವಾಲುವ ಕಾಟ ತಗ್ಗುತ್ತದೆ. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಸ್ವಲ್ಪ ವೇಗವಾಗಿ ತಿರುಗುವಂತೆ ಗೇರುಗಳನ್ನು ಆರಿಸುವ ಓವರ್‌ಡ್ರೈವ್ ಉಪಾಯವೂ ಇದೆ. ಟ್ರಕ್ಕಿನ ಮೂತಿಯನ್ನು ಅದು ಸದಾ ಮುಂದಕ್ಕೆ ಎಳೆದು ಹಿಡಿಯುತ್ತದೆ.

ಒಂದೇ ಆಕ್ಸಲ್ಲಿನ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲನ್ನು ಲಾಕ್ ಮಾಡಿ ಅವೆರಡೂ ಒಟ್ಟಿಗೇ ತಿರುಗುವಂತೆ ಮಾಡುವುದು ಕ್ರಾಲರಿನಲ್ಲಿ ಸಾಮಾನ್ಯ. ಒಂದು ಚಕ್ರ ಗಾಳಿಯಲ್ಲಿದ್ದರೂ ಇನ್ನೊಂದು ಎಳೆಯುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ತಿರುವು ಅಗಲವಾಗುವುದು, ಸ್ಟಿಯರಿಂಗ್ ತಿರುಗಿಸುವ ಸರ್ವೊದ ಮೇಲೆ ಭಾರ ಬೀಳುವುದು. ಮೋಟಾರಿಗೆಂದು ಎತ್ತಿಟ್ಟ ಹಣದಲ್ಲಿ ಒಳ್ಳೆಯ ಸರ್ವೊ ಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡ ಚಕ್ರವನ್ನು ತಿರುಗಿಸಲು 25 ಕಿಲೋ-ಸೆಂಟಿಮೀಟರಿನಷ್ಟಾದರೂ ಬಲವಿರುವ, ಲೋಹದ ಗೇರುಗಳ ಸರ್ವೊ ಬೇಕು. ಬ್ಯಾಟರಿಯ ವೋಲ್ಟೇಜನ್ನು ತಗ್ಗಿಸಿ ಅದಕ್ಕೆ ವಿದ್ಯುತ್ ಒದಗಿಸುವ ಬಿಇಸಿ ಎಂಬ ಸರ್ಕ್ಯೂಟ್ ದುರ್ಬಲವಾಗಿದ್ದರೆ ಸರ್ವೊ ತಿಣುಕಿದ ಕ್ಷಣದಲ್ಲೇ ರಿಸೀವರಿನ ವೋಲ್ಟೇಜ್ ಕುಸಿದು, ಟ್ರಕ್ಕು ಏರಿನ ನಡುವೆ ಸಂಪರ್ಕ ಕಳೆದುಕೊಳ್ಳುತ್ತದೆ. ಸ್ಪೀಡ್ ಕಂಟ್ರೋಲರಿನಲ್ಲಿ ಡ್ರ್ಯಾಗ್ ಬ್ರೇಕನ್ನು ಪೂರ್ತಿ ಹೆಚ್ಚಿಸಿಟ್ಟುಕೊಂಡರೆ ಥ್ರಾಟಲ್ ಬಿಟ್ಟಾಗ ಟ್ರಕ್ಕು ಇಳಿಜಾರಿನಲ್ಲಿ ಇದ್ದಲ್ಲೇ ನಿಲ್ಲುತ್ತದೆ. ಶಾಕ್ ಅಬ್ಸಾರ್ಬರುಗಳ ಬಗ್ಗೆ ಲೇಖಕರು ಬರೆದದ್ದಕ್ಕೆ ನನ್ನ ತಕರಾರಿಲ್ಲ. ಸ್ಪ್ರಿಂಗು ಮೆತ್ತಗಿರಲಿ ಎಂದಷ್ಟೇ ಸೇರಿಸುತ್ತೇನೆ.

ಬ್ಯಾಟರಿಯ ಸುರಕ್ಷತೆಯ ಬಗ್ಗೆ ಲೇಖನದಲ್ಲಿ ಏನೂ ಇಲ್ಲದಿರುವುದು ಮಾತ್ರ ಗಂಭೀರ ಕೊರತೆ. ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಸೆಲ್ಲಿನ ಸರಾಸರಿ ವೋಲ್ಟೇಜ್ 3.7, ಪೂರ್ತಿ ಚಾರ್ಜಾದಾಗ 4.2. ಅದು 3ಕ್ಕಿಂತ ಕೆಳಗೆ ಇಳಿದರೆ ಸೆಲ್ಲು ಹಾಳಾಗುತ್ತದೆ, ಅಂಥದನ್ನು ಮತ್ತೆ ಚಾರ್ಜ್ ಮಾಡುವುದು ಅಪಾಯಕಾರಿ. ಸ್ಪೀಡ್ ಕಂಟ್ರೋಲರನ್ನು ನಿಕ್ಕಲ್ ಬ್ಯಾಟರಿಯ ಸ್ಥಿತಿಯಲ್ಲೇ ಬಿಟ್ಟು ಲಿಪೊ ಜೋಡಿಸಿದರೆ, ವೋಲ್ಟೇಜ್ ತಗ್ಗಿದಾಗ ತಾನಾಗಿ ನಿಲ್ಲಿಸುವ ರಕ್ಷಣೆ ಇಲ್ಲದಂತಾಗುತ್ತದೆ. ಕ್ರಾಲರ್ ನಿಧಾನವಾಗಿ ಚಲಿಸುವುದರಿಂದ ಬ್ಯಾಟರಿ ಬರಿದಾಗುತ್ತಿರುವುದು ಓಟದ ಕಾರಿನಲ್ಲಿ ತಿಳಿದಷ್ಟು ಬೇಗ ತಿಳಿಯುವುದೂ ಇಲ್ಲ. ಎಲ್ಲ ಸೆಲ್ಲುಗಳನ್ನೂ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರನ್ನೇ ಬಳಸಬೇಕು, ಚಾರ್ಜಾಗುವಷ್ಟು ಹೊತ್ತು ಎದುರಿಗಿರಬೇಕು, ಬಹುದಿನ ಬಳಸದಿದ್ದರೆ ಸೆಲ್ಲಿಗೆ 3.8 ವೋಲ್ಟಿನ ಸುತ್ತ ಇಟ್ಟಿರಬೇಕು. ಉಬ್ಬಿದ ಬ್ಯಾಟರಿಯನ್ನು ಯಾವ ಕಾರಣಕ್ಕೂ ಬಳಸಬಾರದು. ಈ ಹವ್ಯಾಸಕ್ಕೆ ಹೊಸದಾಗಿ ಬರುವವರಲ್ಲಿ ಶಾಲಾ ಮಕ್ಕಳೂ ಇರುತ್ತಾರಾದ್ದರಿಂದ ಇದನ್ನು ದಪ್ಪಕ್ಷರಗಳಲ್ಲಿ ಅಚ್ಚು ಮಾಡಿದರೂ ತಪ್ಪಲ್ಲ.

ಲೇಖನದ ಎರಡನೆಯ ಕಂತು ಬರಲಿದೆಯೆಂದು ತಾವು ಸೂಚಿಸಿದ್ದೀರಿ. ಅದರ ಕೋಷ್ಟಕದಲ್ಲಿ ಗರಿಷ್ಠ ವೇಗಕ್ಕೆ ಮೀಸಲಿಟ್ಟ ಅಂಕಣವನ್ನು ತೆಗೆದು, ಅಲ್ಲಿ ಒಟ್ಟು ಗೇರ್ ಅನುಪಾತ, ಎರಡೂ ಆಕ್ಸಲ್ಲುಗಳ ಮೇಲೆ ಬೀಳುವ ತೂಕ, ಓರೆ ಹಲಗೆಯ ಮೇಲೆ ಮಗುಚುವ ಕೋನ, ಇವನ್ನು ಕೊಡಬೇಕೆಂದು ವಿನಂತಿ. ಹಾಗೆಯೇ ಮೊದಲ ಕಂತಿನ ರೇಖಾಚಿತ್ರದಲ್ಲಿ ಬ್ಯಾಟರಿ ಹಿಂದಿನ ಆಕ್ಸಲ್ಲಿನ ಮೇಲೆ, ಸೀಟಿನ ಎತ್ತರದಲ್ಲಿದೆ. ಅದನ್ನು ನೋಡಿ ಯಾರಾದರೂ ಚಾಸಿಗೆ ರಂಧ್ರ ಕೊರೆಯುವ ಮೊದಲು ತಿದ್ದಿದ ಚಿತ್ರ ಪ್ರಕಟವಾದರೆ ಉಪಕಾರವಾಗುತ್ತದೆ.

ಇಂತಿ,
ತಮ್ಮ ಓದುಗ