ನನ್ನನ್ನು ನಂಬದೆ ನನ್ನ ಮೊಮ್ಮಗಳನ್ನು ಕಾಯ್ದವರಿಗೆ

ಕಳೆದ ಮಹಾಶಿವರಾತ್ರಿಯ ಮರುದಿನ, ಹುಬ್ಬಳ್ಳಿಯ ಸಿದ್ಧಾರೂಢ ಮಠದ ತೇರಿನ ಸಂದಣಿಯಲ್ಲಿ, ನಾಲ್ಕೂವರೆ ವರ್ಷದ ನನ್ನ ಮೊಮ್ಮಗಳು ಒಂದೂವರೆ ಗಂಟೆಯ ಕಾಲ ನಮ್ಮ ಕೈತಪ್ಪಿದ್ದಳು. ಮೈಮೇಲೆ ಒಂದು ಗೀರೂ ಇಲ್ಲದೆ ಅವಳು ಮರಳಿ ದೊರೆತದ್ದು ನಾಲ್ಕೈದು ಜನ ಅಪರಿಚಿತರ ದೆಸೆಯಿಂದ. ಅವರಲ್ಲಿ ಒಬ್ಬರ ಹೆಸರನ್ನೂ ಆ ಗಡಿಬಿಡಿಯಲ್ಲಿ ನಾನು ಕೇಳಲಿಲ್ಲ. ಕೇಳುವುದಿರಲಿ, ಅವರಲ್ಲಿ ಇಬ್ಬರ ಮೇಲೆ ಏರುದನಿಯಲ್ಲಿ ಕೂಗಾಡಿ ಬಂದಿದ್ದೇನೆ. ಆದ್ದರಿಂದ ಈ ಕೃತಜ್ಞತೆಯಲ್ಲಿ ಕ್ಷಮೆಯಾಚನೆಯೂ ಸೇರಿದೆ ಎಂದು ಅವರು ತಿಳಿಯಬೇಕು.

ನಡೆದದ್ದು ಇಷ್ಟು. ಹಾವೇರಿಯಿಂದ ರೈಲಿನಲ್ಲಿ ಬಂದಿದ್ದೆವು. ಮಗಳು ದರ್ಶನದ ಸಾಲಿನಲ್ಲಿ ನಿಂತಳು, ಕೂಸನ್ನು ನನ್ನ ಸುಪರ್ದಿಗೆ ಬಿಟ್ಟಳು. ತೇರು ಎಳೆಯಲು ಆರಂಭವಾಗಿ, ಓಂ ನಮಃ ಶಿವಾಯ ಎಂಬ ಘೋಷದ ನಡುವೆ ಎಲ್ಲರೂ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಿದ್ದಾಗ ನಾನೂ ಒಂದು ಬಾಳೆಹಣ್ಣು ಎಸೆಯಲೆಂದು ಅವಳ ಕೈ ಬಿಟ್ಟೆ. ಮತ್ತೆ ಕೈ ಚಾಚಿದಾಗ ಅಲ್ಲಿ ಬೇರೆ ಯಾರದೋ ಧೋತರದ ಚುಂಗು ಸಿಕ್ಕಿತು.

ಆಮೇಲೆ ನಾನು ಮಾಡಿದ್ದೆಲ್ಲವೂ ತಪ್ಪೇ. ನಿಂತಲ್ಲೇ ನಿಲ್ಲದೆ ಜನ ಸಾಗುತ್ತಿದ್ದ ದಿಕ್ಕಿಗೆ ಓಡಿದೆ. ಮಗಳ ಮೊಬೈಲಿಗೆ ಮೇಲಿಂದ ಮೇಲೆ ಕರೆ ಮಾಡಿದೆ, ಒಂದೂ ತಾಗಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು, ಒಂದು ದಿನ ಕಳೆಯದೆ ಪೊಲೀಸರು ದೂರು ಬರೆದುಕೊಳ್ಳುವುದಿಲ್ಲ ಎಂದದ್ದನ್ನು ಕೇಳಿ ಕೈಕಾಲು ತಣ್ಣಗಾದವು. ಬೆಳಿಗ್ಗೆ ನಾವು ಇಳಿದ ರೈಲು ನಿಲ್ದಾಣಕ್ಕೂ ಸಿದ್ಧಾರೂಢರದೇ ಹೆಸರು. ಅಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದವೆನ್ನುವ ಪ್ಲಾಟ್‌ಫಾರ್ಮ್ ಇದೆ ಎಂದು ಕೂಸಿಗೆ ಹೆಮ್ಮೆಯಿಂದ ತೋರಿಸಿದ್ದೆ. ಈಗ ಆ ಉದ್ದವೇ ಕಣ್ಣ ಮುಂದೆ ಬಂದು ನಿಂತಿತು. ಅವಳನ್ನು ಯಾರಾದರೂ ಅಲ್ಲಿಯವರೆಗೆ ಕರೆದೊಯ್ದಿದ್ದರೆ ಯಾವ ಗಾಡಿಯಲ್ಲಿ ಹುಡುಕುವುದು?

ನನ್ನ ಮೊದಲ ವಂದನೆ ಪಾದರಕ್ಷೆ ಕಾಯುತ್ತಿದ್ದ ಆ ಯುವಕನಿಗೆ. ನನ್ನ ಮುಖ ನೋಡಿದವನೇ ವಿಷಯ ಕೇಳಿಕೊಂಡು, ತನ್ನ ಫೋನಿನಿಂದ 112ಕ್ಕೆ ಕರೆ ಮಾಡಿ, ಮಗುವಿನ ವಯಸ್ಸನ್ನೂ ನಾವಿದ್ದ ಜಾಗದ ಗುರುತನ್ನೂ ಎರಡು ಮಾತಿನಲ್ಲಿ ಹೇಳಿದ. ಅದೇ ಅಂಕಿಯನ್ನು ನನ್ನ ಹಳೆಯ ಕೀಪ್ಯಾಡ್ ಫೋನಿನಲ್ಲಿಯೂ ಒತ್ತಬಹುದಿತ್ತು, ನನಗೆ ಹೊಳೆದಿರಲಿಲ್ಲ. ಬಳಿಕ ಅವನು, “ಅಜ್ಜಾರ, ಹಿಂಗ ಓಡ್ಯಾಡಬ್ಯಾಡ್ರಿ. ಎಲ್ಲಿ ಕೈ ಬಿಟ್ರೋ ಅಲ್ಲೇ ಹೋಗಿ ನಿಂದರ್ರಿ” ಎಂದ. ಮಕ್ಕಳು ಬಹಳ ದೂರ ಹೋಗಿರುವುದಿಲ್ಲ ಎಂದು ಅವನಿಗೆ ಯಾರು ಕಲಿಸಿದ್ದರೋ ತಿಳಿಯದು. ನಾನು ಹಿಂದಿರುಗಿ ಬಂದು ನಿಂತಲ್ಲಿಂದ ಮೂವತ್ತು ಹೆಜ್ಜೆಯಾಚೆ, ಬೆಂಡು-ಬತ್ತಾಸಿನ ಅಂಗಡಿಯ ಮುಂದೆ, ಬೋರಲು ಹಾಕಿದ ಒಂದು ಮರದ ಪೆಟ್ಟಿಗೆಯ ಮೇಲೆ, ಎಲ್ಲರ ತಲೆಗಳಿಗಿಂತ ಎತ್ತರದಲ್ಲಿ ನನ್ನ ಮೊಮ್ಮಗಳು ನಿಂತಿದ್ದಳು.

ಹೀಗೆ ನಿಲ್ಲಿಸಿದ್ದು ಆ ಅಂಗಡಿಯ ಅಕ್ಕ. ಅಳುತ್ತಿದ್ದ ಕೂಸನ್ನು ಕಂಡ ಒಬ್ಬಿಬ್ಬರು ಮಠದ ಕಚೇರಿಗೆ ಎತ್ತಿಕೊಂಡು ಹೋಗೋಣವೆಂದರಂತೆ, ಅವರ ಮನಸ್ಸೂ ಒಳ್ಳೆಯದೇ ಇದ್ದೀತು. ಆದರೆ ಹುಡುಕುವವರು ಮೊದಲು ಇಲ್ಲಿಗೇ ಬರುತ್ತಾರೆ, ಕೂಸು ಇಲ್ಲಿಂದ ಕದಲಬಾರದು ಎಂದು ಆಕೆ ಪಟ್ಟು ಹಿಡಿದರಂತೆ. ಬತ್ತಾಸು ಕೊಳ್ಳಲು ಬಂದಿದ್ದ ಇಬ್ಬರು ಕಾಲೇಜು ವಿದ್ಯಾರ್ಥಿನಿಯರಲ್ಲಿ ಒಬ್ಬಳನ್ನು ಮಗುವಿನ ಬಳಿಯೇ ಇರಿಸಿಕೊಂಡು, ಇನ್ನೊಬ್ಬಳನ್ನು ಪೊಲೀಸರನ್ನು ಕರೆತರಲು ಅಟ್ಟಿದರು. ಅವಳ ಜೊತೆ ಗೃಹರಕ್ಷಕ ದಳದ ಒಬ್ಬ ತಾಯಿ ಬಂದರು. ಹೆಸರು ಕೇಳಿದಾಗ ನಮ್ಮ ಕೂಸು ಮನೆಯ ಮುದ್ದಿನ ಹೆಸರನ್ನು, “ಚಿನ್ನವ್ವ” ಎಂದು ಹೇಳಿತು. ತಾಯಿಯ ಹೆಸರು “ಅವ್ವ”, ತಂದೆಯ ಹೆಸರು “ಪಪ್ಪಾ”.

ಇನ್ನು ನಾನು ಯಾವುದಕ್ಕಾಗಿ ಎಲ್ಲಕ್ಕಿಂತ ಹೆಚ್ಚು ಋಣಿಯಾಗಿದ್ದೇನೆಯೋ ಅದಕ್ಕೆ ಬರುತ್ತೇನೆ. ನಾನು ಓಡಿಹೋಗಿ ಕೂಸಿಗೆ ಕೈ ಹಾಕಿದಾಗ ಗೃಹರಕ್ಷಕಿ ನನ್ನ ಕೈಯನ್ನು ಮೆಲ್ಲಗೆ ಸರಿಸಿದರು. ನಾನು ಅವಳ ಅಜ್ಜನೆಂದೆ. ಬೈಗುಳದ ಭಯಕ್ಕೋ ಏನೋ, ಕೂಸು ನನ್ನನ್ನು ಕಂಡು ಅಂಗಡಿಯ ಅಕ್ಕನ ಸೆರಗಿನ ಹಿಂದೆ ಮುಖ ಮುಚ್ಚಿಕೊಂಡಿತು. “ಇವರು ನಿಮ್ಮಜ್ಜನಾ?” ಎಂದು ಯಾರೋ ಕೇಳಹೊರಟಾಗ ಆ ಗೃಹರಕ್ಷಕಿ ತಡೆದು, “ಇವರು ಯಾರವ್ವಾ?” ಎಂದಷ್ಟೇ ಕೇಳಿದರು, ಹೌದು ಎಂದು ತಲೆಯಾಡಿಸಿ ಪಾರಾಗಲು ಮಗುವಿಗೆ ಅವಕಾಶ ಕೊಡದ ಆ ಪ್ರಶ್ನೆಯ ಜಾಣತನ ನನಗೆ ಈಗ ತಿಳಿಯುತ್ತದೆ. ಕೂಸು ಉತ್ತರಿಸಲಿಲ್ಲ. ನನ್ನನ್ನು ಅವಳ ಹೆಸರು ಕೇಳಿದರು. ಮೂವತ್ತೆರಡು ವರ್ಷ ಶಾಲೆಯಲ್ಲಿ ಹಾಜರಿ ಕರೆದ ನಾನು ಅಭ್ಯಾಸಬಲದಿಂದ ಅಂಗನವಾಡಿಯ ಪುಸ್ತಕದಲ್ಲಿರುವ ಹೆಸರು ಹೇಳಿದೆ, ಅದು ಹೊಂದಲಿಲ್ಲ. ಅಂಗಿಯ ಬಣ್ಣ ಕೇಳುವಾಗ ಅವಳ ಮೈಗೆ ಅಕ್ಕನ ಸೆರಗು ಮರೆಯಾಗಿತ್ತು. ಕೆಂಪು ಎಂದೆ, ಅದು ಹಳದಿಯಾಗಿತ್ತು. ಫೋಟೋ ತೋರಿಸಿರೆಂದರು, ನನ್ನ ಫೋನಿನಲ್ಲಿ ಫೋಟೋಗಳೇ ಇಲ್ಲ. ನಾನು ನಿವೃತ್ತ ಶಿಕ್ಷಕ, ನನ್ನನ್ನು ಮಕ್ಕಳ ಕಳ್ಳನೆಂದುಕೊಂಡಿರಾ ಎಂದು ಕೂಗಾಡಿದೆ. ಸುತ್ತಲಿದ್ದ ಕೆಲವರು, ವಯಸ್ಸಾದವರು, ಕೊಟ್ಟು ಕಳಿಸಿರಿ ಎಂದು ನನ್ನ ಪರವಾಗಿಯೇ ಮಾತನಾಡಿದರು. ಗೃಹರಕ್ಷಕಿ ಮಾತ್ರ, “ಸಿಟ್ಟಾಗಬ್ಯಾಡ್ರಿ ಅಜ್ಜಾರ, ಆಕಿ ಅವ್ವ ಬರೂ ತನಕ ಇಬ್ರೂ ಇಲ್ಲೇ ಕುಂಡ್ರೋಣು” ಎಂದು ನನಗೂ ಒಂದು ಸ್ಟೂಲು ಹಾಕಿಸಿದರು.

ನಲವತ್ತು ನಿಮಿಷ ಕುಳಿತೆ. ಧ್ವನಿವರ್ಧಕದಲ್ಲಿ ಮಗಳ ಹೆಸರು ಹಿಡಿದು ಕರೆದರು. ಮಗುವಿನ ಅಂಗಿ, ವಯಸ್ಸು, ಚಹರೆ ಯಾವುದನ್ನೂ ಕೂಗಿ ಹೇಳಲಿಲ್ಲ. ಅದನ್ನೂ ನಾನು ಆಗ ಉದಾಸೀನವೆಂದೇ ಭಾವಿಸಿದ್ದೆ, ಕೇಳಿಸಿಕೊಂಡವರು ಯಾರು ಬೇಕಾದರೂ ಬಂದು ಅದೇ ಗುರುತು ಒಪ್ಪಿಸಬಹುದೆಂಬ ಎಚ್ಚರ ಅದರಲ್ಲಿತ್ತು. ಮಗಳು ಬಂದಳು, ಕೂಸು ಹಾರಿ ಅವಳ ಕೊರಳಿಗೆ ಬಿತ್ತು. ಆದರೂ ಬೆಳಗಿನ ಫೋಟೋ ನೋಡಿ, ವಿಳಾಸ, ಫೋನ್ ಸಂಖ್ಯೆ ಬರೆಸಿಕೊಂಡು, ಸಹಿ ಹಾಕಿಸಿಕೊಂಡೇ ಕಳುಹಿಸಿದರು.

ಊರಿಗೆ ಬಂದ ಮೇಲೆ, ನಿವೃತ್ತ ಮಾಸ್ತರರ ಚಟದಂತೆ, ಈ ಬಗೆಗಿನ ಕಾನೂನನ್ನು ತರಿಸಿ ಓದಿದೆ. ತಂದೆತಾಯಿಗಳಿಂದ ಅಗಲಿದ ಮಗುವನ್ನು ಕಂಡು ತಮ್ಮ ಸುಪರ್ದಿಗೆ ತೆಗೆದುಕೊಂಡವರು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿಗೆ, ಪೊಲೀಸ್ ಠಾಣೆಗೆ, ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಬೇಕೆಂದು 2015ರ ಬಾಲನ್ಯಾಯ ಕಾಯ್ದೆಯ 32ನೆಯ ಸೆಕ್ಷನ್ ಹೇಳುತ್ತದೆ, ತಿಳಿಸದಿರುವುದೇ ಅಪರಾಧ. ಸಹಾಯವಾಣಿಯ ಸಂಖ್ಯೆ 1098. ಆ ಹಿರಿಯರು ಹೇಳಿದ ‘ಒಂದು ದಿನ’ ಎಲ್ಲಿಯೂ ಇಲ್ಲ. ಮಗು ಕಾಣೆಯಾದ ದೂರು ಬಂದೊಡನೆ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ಆದೇಶಿಸಿದೆ. ಬತ್ತಾಸಿನ ಅಕ್ಕ ಇದಾವುದನ್ನೂ ಓದಿರಲಾರರು.

ಒಂದು ಬೇಸರವನ್ನೂ ಹೇಳಿಬಿಡುತ್ತೇನೆ. ಗುಂಪಿನಲ್ಲಿದ್ದ ಯಾರೋ ಪೆಟ್ಟಿಗೆಯ ಮೇಲೆ ಅಳುತ್ತಿದ್ದ ಕೂಸಿನ ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿದ್ದಾರೆ. ಉಪಕಾರವೆಂದೇ ಹಾಕಿರಬೇಕು. ಮೂರು ವಾರವಾದರೂ ಅದು ತಿರುಗುತ್ತಲೇ ಇದೆ. ರೋಣದ ಬೀಗರು ಮೊನ್ನೆ ಗಾಬರಿಯಿಂದ ಫೋನ್ ಮಾಡಿದ್ದರು. ಮಗು ಮನೆ ಸೇರಿದೆ, ದಯವಿಟ್ಟು ಅದನ್ನು ಅಳಿಸಿಬಿಡಿ.

ಕಳೆದ ವಾರ ಅಕ್ಕನನ್ನು ಕಾಣಲೆಂದೇ ಹುಬ್ಬಳ್ಳಿಗೆ ಹೋಗಿದ್ದೆ. ಜಾತ್ರೆಯ ಅಂಗಡಿಗಳೆಲ್ಲ ಎದ್ದು ಹೋಗಿದ್ದವು. ಅವರು ಜಾತ್ರೆಯಿಂದ ಜಾತ್ರೆಗೆ ಹೋಗುವವರು, ಈಗ ಯಾವ ಊರಿನಲ್ಲಿದ್ದಾರೋ ಎಂದು ಅಲ್ಲಿದ್ದವರು ಹೇಳಿದರು. ತೇರಿನ ಹೊತ್ತು ವರ್ಷದ ವ್ಯಾಪಾರದ ಹೊತ್ತು. ಆ ಹೊತ್ತಿನಲ್ಲಿ ಅಂಗಡಿಯ ಮುಂಭಾಗವನ್ನು ನಮ್ಮ ಕೂಸಿಗೆ ಬಿಟ್ಟುಕೊಟ್ಟು, ತಕ್ಕಡಿಯನ್ನು ಬದಿಗಿಟ್ಟು ಕುಳಿತಿದ್ದ ಆಕೆಗೆ ಅಂದು ನಾವು ಹೊರಡುವಾಗ ಐದುನೂರರ ನೋಟು ಕೊಡಹೋದೆ. ಆಕೆ ಕಾಲು ಕಿಲೋ ಬತ್ತಾಸು ತೂಗಿ, ಪೊಟ್ಟಣ ಕಟ್ಟಿ ಕೂಸಿನ ಕೈಗೆ ಕೊಟ್ಟು, ಅದರ ಬೆಲೆಯನ್ನಷ್ಟೇ ಮುರಿದುಕೊಂಡು ಉಳಿದ ಚಿಲ್ಲರೆಯನ್ನು ಎಣಿಸಿ ನನ್ನ ಅಂಗೈಗೆ ಹಾಕಿದರು. ಗದಗ, ಹಾವೇರಿ, ಧಾರವಾಡದ ಯಾವುದಾದರೂ ಜಾತ್ರೆಯಲ್ಲಿ ಅವರು ನಿಮಗೆ ಸಿಕ್ಕರೆ, ಹುಬ್ಬಳ್ಳಿ ತೇರಿನ ದಿನ ಸ್ಟೂಲಿನ ಮೇಲೆ ಸಿಟ್ಟಿನಿಂದ ಕುಳಿತಿದ್ದ ಹಾವೇರಿಯ ಮುದುಕ ಕೈಮುಗಿದು ಕ್ಷಮೆ ಕೇಳಿಕೊಂಡಿದ್ದಾನೆಂದು ತಿಳಿಸಿರಿ.