ಒಂದು ವರ್ಷ ಮುಗಿಯಿತು, ಸ್ಟೋರ್ ಅಣ್ಣನಿಗೆ ಥ್ಯಾಂಕ್ಸ್

ಮೊನ್ನೆ ನನ್ನ ಕೆಲಸ ಕನ್ಫರ್ಮ್ ಆಯಿತು. ನೆಂಟರೆಲ್ಲ ಇನ್ನೂ ನಾನು ಮಾತ್ರೆ ಮಾರುತ್ತೇನೆ ಅಂದುಕೊಂಡು ಗ್ಯಾಸ್ಟ್ರಿಕ್‌ಗೆ ಯಾವುದು ಒಳ್ಳೇದು ಅಂತ ಕೇಳುತ್ತಾರೆ. ನಾನು ಮಾರುವುದೇ ಇಲ್ಲ. ಮೂಳೆಗೆ ಹಾಕುವ ಪ್ಲೇಟು, ಸ್ಕ್ರೂಗಳ ಸೆಟ್ ಆಸ್ಪತ್ರೆಗೆ ಕಳಿಸುವುದು, ವಾಪಸ್ ಬಂದಾಗ ಎಷ್ಟು ಬಳಸಿದ್ದಾರೆ ಅಂತ ಎಣಿಸುವುದು, ಯಾವ ಬ್ಯಾಚಿನ ಮಾಲು ಅಂತ ಹೇಳುವ ಲಾಟ್ ನಂಬರ್ ಸ್ಟಿಕ್ಕರ್ ಹುಡುಕುವುದು. ಇಷ್ಟೇ ನನ್ನ ಕೆಲಸ.

ಮೂರನೇ ತಿಂಗಳಲ್ಲಿ ಏನಾಯಿತು ಅಂತ ಆಫೀಸಿನವರಿಗೆ ಗೊತ್ತು. ತೊಡೆಮೂಳೆಯ ಕೆಳತುದಿಯ ಪ್ಲೇಟು ಎಡಗಾಲಿಗೆ ಬೇರೆ, ಬಲಗಾಲಿಗೆ ಬೇರೆ. ಬಲಗಾಲಿನ ಆಪರೇಷನ್ನಿಗೆ ನಾನು ಎಡದ್ದು ಕಳಿಸಿದ್ದೆ. ರಾತ್ರಿ ಹನ್ನೊಂದೂವರೆಗೆ ಸಿಸ್ಟರ್ ಫೋನ್. ಆಪರೇಷನ್ ಬೆಳಿಗ್ಗೆ ಏಳಕ್ಕೆ. ಮ್ಯಾನೇಜರ್ ಫೋನ್ ಸ್ವಿಚ್ ಆಫ್.

ಸ್ಟೋರ್ ಅಣ್ಣ ಕೆಂಗೇರಿಯಿಂದ ಮಳೆಯಲ್ಲೇ ಸ್ಕೂಟರ್ ಹಾಕಿಕೊಂಡು ಚಾಮರಾಜಪೇಟೆಯ ಗೋಡೌನಿಗೆ ಬಂದರು. ಬೈಯಲಿಲ್ಲ. "ಮೊದಲು ಎಣಿಸು" ಅಂದರು. ತಮ್ಮ ರೇನ್‌ಕೋಟ್ ಬಿಚ್ಚಿ ಬಾಕ್ಸಿಗೆ ಸುತ್ತಿ ನನ್ನ ಕೈಗೆ ಕೊಟ್ಟರು. ಆಸ್ಪತ್ರೆಯ ದಾರಿಯುದ್ದಕ್ಕೂ ನೆನೆದರು. ಸಿಲ್ಕ್ ಬೋರ್ಡನ್ನು ಜೀವನದಲ್ಲಿ ಒಂದೇ ಸಲ ಎರಡು ನಿಮಿಷದಲ್ಲಿ ದಾಟಿದ್ದೇನೆ, ಅದು ಅವತ್ತು.

ಬಾಕ್ಸ್ ಕೊಟ್ಟ ಮೇಲೆ ಅವರು ಹೊರಡಬಹುದಿತ್ತು. ಆದರೆ ಪ್ಲೇಟನ್ನು ತೊಳೆದು, 134 ಡಿಗ್ರಿ ಹಬೆಯಲ್ಲಿ ಇಟ್ಟು, ಒಣಗಿಸಬೇಕಲ್ಲ. ಹಬೆ ತಾಗಿತು ಅನ್ನುವುದಕ್ಕೆ ಮೇಲೆ ಅಂಟಿಸುವ ಟೇಪಿನ ಗೆರೆ ಕಪ್ಪಾಗುತ್ತದೆ. "ಟೇಪಿನ ಗೆರೆ ಕಪ್ಪಾಗೋ ತನಕ ನಮ್ಮ ಕೆಲಸ ಮುಗಿದಿಲ್ಲ" ಅಂತ ಕಾರಿಡಾರಿನಲ್ಲಿ ಕೂತರು. ಪಕ್ಕದಲ್ಲಿ ಎಕ್ಸ್‌ರೇ ಕವರ್ ಹಿಡಿದ ಒಬ್ಬ ಅಮ್ಮ. ನೀವೂ ಪೇಷೆಂಟ್ ಕಡೆಯವರಾ ಅಂತ ಕೇಳಿದರು. ಹೂಂ ಅಂದೆ. ಮಗ ಬೈಕಿನಿಂದ ಬಿದ್ದಿದ್ದನಂತೆ, ಬಲಗಾಲು. ನೆನೆದಿದ್ದೀಯಲ್ಲಮ್ಮ ಅಂತ ತಮ್ಮ ಟವೆಲ್ ಕೊಟ್ಟರು.

ಬಾತ್‌ರೂಮಿಗೆ ಹೋಗಿ ಅತ್ತೆ. ಆ ಟವೆಲಿಗೆ ನಾನು ಯೋಗ್ಯಳಲ್ಲ ಅನ್ನಿಸಿತು. ಈಗಲೂ ಕೆಲವು ರಾತ್ರಿ ಹಾಗೇ ಅನ್ನಿಸುತ್ತದೆ.

ನಾಲ್ಕು ಗಂಟೆಗೆ ಸಿಸ್ಟರ್ ಬಂದು ಟೇಪ್ ತೋರಿಸಿದರು. ಕಪ್ಪು ಗೆರೆ. ಅಣ್ಣಾ, ನಾಳೆ ಕೆಲಸ ಬಿಡ್ತೀನಿ ಅಂದೆ. "ಬಿಡು. ಇವತ್ತಿನ ಚಲನ್ ಬರೆದು ಬಿಡು" ಅಂದರು. ಸಿಟ್ಟು ಬಂತು, ನಗುವೂ ಬಂತು. ಮಾರನೇ ದಿನ ಹೋಗಿ ನೋಡಿದರೆ ಎಲ್ಲ ಬಾಕ್ಸುಗಳ ಮೇಲೆ ದಪ್ಪ ಮಾರ್ಕರ್‌ನಲ್ಲಿ ಎಡ, ಬಲ ಅಂತ ಬರೆದಿತ್ತು. ಕಂಪನಿಯವರು ಅಂಟಿಸಿದ್ದ ಇಂಗ್ಲಿಷಿನ L, R ಅಕ್ಷರ ಕಡಲೆಕಾಳಿನಷ್ಟು. ಇವರ ಅಕ್ಷರ ಅಂಗೈಯಷ್ಟು.

2017ರಲ್ಲಿ ಸರ್ಕಾರ ಮಂಡಿ ಇಂಪ್ಲಾಂಟಿಗೆ ಬೆಲೆ ಮಿತಿ ಹಾಕಿದ ಕಥೆಯಿಂದ ಶುರುಮಾಡಿ ಬಿಲ್ ಹಾಕುವುದು ಕಲಿಸಿದ ಬಿಲ್ಲಿಂಗ್ ಅಕ್ಕ, ನಡುರಾತ್ರಿ ಪ್ರಶ್ನೆ ಕೇಳದೆ ಗೇಟ್ ತೆಗೆದ ಪಿಜಿ ಆಂಟಿ, ಅಪ್ಪ, ಅಮ್ಮ, ಎಲ್ಲರಿಗೂ ಥ್ಯಾಂಕ್ಸ್. ಮ್ಯಾನೇಜರ್ ಸರ್, ನಿಮಗೂ. ರಾತ್ರಿ ಫೋನ್ ಒಂದು ಆನ್ ಇಟ್ಟಿರಿ.

ಅಣ್ಣಾ, ರೇನ್‌ಕೋಟ್ ಇನ್ನೂ ನನ್ನ ಹತ್ತಿರವೇ ಇದೆ. ಸೋಮವಾರ ಖಂಡಿತ ತರುತ್ತೇನೆ.